ಅಣ್ಣನ ಡಿಸ್ಕು, ತಮ್ಮನ ಡಿಸ್ಕು

ಮಗ್ಗದ ಮನೆಯಲ್ಲಿ ದಿನಾ ಏನಾದರೊಂದು ಕಿತ್ತುಕೊಳ್ಳುತ್ತೆ. ಒಂದು ದಿನ ಎಳೆ, ಒಂದು ದಿನ ಮನುಷ್ಯರು. ದೊಡ್ಡಬಳ್ಳಾಪುರದಲ್ಲಿ ಅಣ್ಣತಮ್ಮಂದಿರಿಬ್ಬರ ಪವರ್‌ಲೂಮು ರಿಪೇರಿ ನನ್ನ ಕೆಲಸ. ನನ್ನ ಹೆಂಡತಿ ಅಲ್ಲೇ ನೂಲು ಸುತ್ತುತ್ತಿದ್ದಳು. ತೊಂಬತ್ತರ ದಶಕದ ಕೊನೆಗೆ ಸೀರೆ ಡಿಸೈನ್ ಹಾಕೋಕೆ ಕಂಪ್ಯೂಟರ್ ಬಂತು.

೧. ಸೀರೆ ಮೇಲೆ ಸೀರೆ

ಇಂಜಿನಿಯರು ಬೆಂಗಳೂರಿಂದ ಎರಡು ಹಾರ್ಡ್ ಡಿಸ್ಕ್ ತಂದರು. ಡಿಸೈನೆಲ್ಲ ಕೂರೋ ಡಬ್ಬಿಗಳು.

"ಸರ್, ಎರಡರಲ್ಲೂ ಒಂದೇ ಬರೆಯೋ ಹಂಗೆ ಮಾಡ್ತೀನಿ. ಒಂದು ಕೆಟ್ರೆ ಇನ್ನೊಂದಿರುತ್ತೆ."

ದೊಡ್ಡ ಯಜಮಾನರು ಕೇಳಿದರು: "ಸೀರೆ ಉಟ್ಟೋಳಿಗೆ ಮೇಲೆ ಅದೇ ಸೀರೆ ಇನ್ನೊಂದು ಉಡಿಸ್ತಾರೇನಪ್ಪಾ? ಎರಡೂ ಸೇರಿಸಿ ಒಂದು ದೊಡ್ಡದು ಮಾಡು."

"ಆಗ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಸರ್. ಒಂದು ಹೋದ್ರೆ ಎಲ್ಲಾ ಹೋಯ್ತು."

"ಹೋಗದಂಗೆ ನಿಂಬೆಹಣ್ಣು ಕಟ್ಟಿಸ್ತೀನಿ. ನೀನು ಸೇರಿಸು."

೨. ಮೇಲೆ ಯಾರು

ಡಬ್ಬಿಗಳು ಕಂಪ್ಯೂಟರ್ ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂತವು. ಚಿಕ್ಕ ಯಜಮಾನರು ಬಂದು ನೋಡಿದರು.

"ಮೇಲಿಂದು ಯಾರ್ದು?"

"ನಂದು ಅನ್ಕೋ," ಅಂದರು ದೊಡ್ಡವರು.

"ಹುಟ್ಟಿದಾಗಿಂದ ನಾನೇ ಕೆಳಗೆ. ಇದರಲ್ಲೂನಾ?"

ಯಾರದೂ ಅಲ್ಲ ಅಂತ ಇಂಜಿನಿಯರು ಹೇಳಿದ್ದೇ ಹೇಳಿದ್ದು. ಕೇಳೋರಿಲ್ಲ. ಕೊನೆಗೆ ನಾನು ಕಂಪ್ಯೂಟರ್ ಪೆಟ್ಟಿಗೇನೇ ಮಗ್ಗುಲಿಗೆ ಮಲಗಿಸಿದೆ. ಡಿಸ್ಕುಗಳು ಅಕ್ಕಪಕ್ಕ ಆದವು. ಇಬ್ಬರಿಗೂ ಸಮಾಧಾನ.

ಸಂಜೆ ಹೆಂಡತಿಗೆ ಹೇಳಿದೆ. "ಬಲಗಡೆ ಯಾರು ಅಂತ ಕೇಳಲಿಲ್ವಾ?" ಅಂದಳು.

ಮಾರನೇ ದಿನ ಕೇಳಿದರು.

೩. ಗೋಡೆ

ಇದನ್ನು ನೋಡೋಕೆ ನನ್ನ ಹೆಂಡತಿ ಉಳಿದಿರಲಿಲ್ಲ. ಇದ್ದಿದ್ದರೆ ನಗುತ್ತಿದ್ದಳು.

ಯಜಮಾನರು ಪಾಲಾದರು. ಮಗ್ಗ ಪಾಲು, ಪಾತ್ರೆ ಪಾಲು. ಡಿಸ್ಕು ತಲೆಗೊಂದು, ನಾನೇ ಬಿಚ್ಚಿಕೊಟ್ಟೆ. ಮಾತು ನಿಂತಿತು. ಮಗ್ಗದ ಮನೆ ನಡುವೆ ಗೋಡೆ ಎದ್ದಿತು.

ಅಷ್ಟರಲ್ಲಿ ಮದುವೆ ಕಾಲ. ಸೀರೆ ಕೊಡದಿದ್ದರೆ ಅಂಗಡಿಯವರು ಬೇರೆ ಕಡೆ ಹೋಗ್ತಾರೆ. ಒಂಟಿ ಡಿಸ್ಕಲ್ಲಿ ಇಬ್ಬರಿಗೂ ಒಂದು ಡಿಸೈನೂ ತೆರೆಯಲಿಲ್ಲ. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ತಮ್ಮ ತಮ್ಮ ಡಿಸ್ಕು ಹಿಡಿದು ಅದೇ ಇಂಜಿನಿಯರ ಹತ್ತಿರ ಹೋಗಿ, ಅಲ್ಲೇ ಎದುರಾದರು.

ಇಂಜಿನಿಯರು ತಲೆ ಮೇಲೆ ಕೈ ಇಟ್ಟರು. "ಹಾಸು ಅವರ ಹತ್ರ, ಹೊಕ್ಕು ನಿಮ್ಮ ಹತ್ರ. ಬೇರೆ ಬೇರೆ ಇಟ್ರೆ ಒಂದು ಅಂಚೂ ಬರಲ್ಲ ಸರ್!"

ಎರಡನ್ನೂ ನಾನೇ ಮತ್ತೆ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದೆ. ಪೆಟ್ಟಿಗೆ ಯಾರ ಕಡೆ? ಬಗೆಹರಿಯಲಿಲ್ಲ. ಗೋಡೆಯಲ್ಲೇ ಇಡಿ ಅಂದೆ. ಗಾರೆಯವನು ಪೆಟ್ಟಿಗೆಯಷ್ಟು ಇಟ್ಟಿಗೆ ತೆಗೆದ. ಚಿಕ್ಕವರಿಗೆ ಕಂಪ್ಯೂಟರ್ ಪರದೆ ಕಾಣಲಿಲ್ಲ, ಇನ್ನಷ್ಟು ತೆಗೆದ. ದೊಡ್ಡವರಿಗೆ ಮೊಣಕೈ ತಾಗಿತು, ಇನ್ನಷ್ಟು. ಪರದೆ ಮೇಲೆ ಸೆರಗಿನ ಡಿಸೈನು ಬಂತು.

"ಲೇ, ಅದು ನವಿಲೇನೋ? ಬಾತುಕೋಳಿ ಇದ್ದಂಗೈತೆ!"

"ಕೊಕ್ಕು ನೀನೇ ಹಾಕಿದ್ದಲ್ವಾ ಅಣ್ಣಾ!"

ಎಷ್ಟೋ ತಿಂಗಳ ಮೇಲೆ ಆಡಿದ ಮಾತು ಅದು. ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಗಾರೆಯವನು ತೆಗೆದ ಇಟ್ಟಿಗೆ ರಾಶಿ ನೋಡಿದ, ಉಳಿದ ಗೋಡೆ ನೋಡಿದ. ಕೈ ಒರೆಸಿಕೊಂಡ.

"ಯಜಮಾನ್ರೇ, ಇಷ್ಟು ಇಟ್ಟಿಗೆ ಮಿಕ್ಕಿದೆ. ಇಬ್ಬರೂ ಕೂತ್ಕೊಂಡು ಜಗಳ ಆಡೋಕೆ ಒಂದು ಕಟ್ಟೆ ಕಟ್ಟಿಕೊಡ್ಲಾ?"