ಅದು ಮೀನಲ್ಲ!

ಕಬ್ಬಿನ ಊರಿನ ಹುಡುಗಿ ಸಮುದ್ರದ ಕಡೆ ಮುಖ ಮಾಡಿದರೆ ಊರು ಸುಮ್ಮನಿರುತ್ತದೆಯೇ? ತೊಂಬತ್ತರ ದಶಕದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನನಗೆ ಕಾರವಾರದಲ್ಲಿ ಸಂಶೋಧನೆಯ ಅವಕಾಶ ಸಿಕ್ಕಿತು. ದೋಣಿಯಲ್ಲಿ ಕುಳಿತು ಡಾಲ್ಫಿನ್‌ಗಳು ಎಲ್ಲೆಲ್ಲಿ ನೀರಿನ ಮೇಲೆ ಏಳುತ್ತವೆ, ಎಲ್ಲಿ ಬಲೆಗೆ ಸಿಗುತ್ತವೆ ಎಂದು ನೋಡುವ ಕೆಲಸ. ಅವತ್ತಿನಿಂದ ನಮ್ಮ ಶಿರಗುಪ್ಪಿಗೆ ನಗಲು ಬೇರೆ ಕಾರಣ ಬೇಕಾಗಲಿಲ್ಲ.

೧. ಅಪ್ಪನ ತಕರಾರು

ನಮ್ಮದು ತತ್ತಿಯನ್ನೂ ಒಳಗೆ ಬಿಡದ ಮನೆ. ಅಪ್ಪ ಗುಡುಗಿದ: "ಮೀನ ಎಣಸಾಕ ಹೊಕ್ಕೀಯೇನ?"

"ಮೀನಲ್ಲಪ್ಪಾ. ಮರಿ ಹಾಕತೈತಿ, ಹಾಲ ಕುಡಸತೈತಿ, ಮ್ಯಾಲ ಬಂದು ನಮ್ಮಂಗ ಉಸಿರಾಡತೈತಿ."

"ನೀರಾಗ ಇರತೈತಿಲ್ಲೋ? ಮೀನ!"

"ಹಂಗಾರ ನಮ್ಮ ಎಮ್ಮಿ ಹೊಳಿಗೆ ಇಳದ್ರ ಅದೂ ಮೀನೇನ?"

"ಎಮ್ಮಿ ಸುದ್ದಿಗೆ ಬರಬ್ಯಾಡ!" ಎಂದು ಎದ್ದು ಹೋದ. ನಾನು ಬಸ್ಸು ಹತ್ತಿದೆ.

೨. ಗಿಣ್ಣದ ಹಾಲು

ರಜೆಗೆ ಬಂದಾಗ ಡಾಲ್ಫಿನ್ ಹಾಲಿನ ಸುದ್ದಿ ಊರೆಲ್ಲ ಹಬ್ಬಿತ್ತು. ಡೇರಿಗೆ ಹಾಲು ಹಾಕುವ ಪಕ್ಕದ ಮನೆಯ ಕಾಕಾ ಕಟ್ಟೆಯ ಮೇಲೆ ಕಾದು ಕುಳಿತಿದ್ದ.

"ಅದರ ಹಾಲಿಗೆ ಫ್ಯಾಟ್ ಎಷ್ಟ ಬರತೈತಿ?"

"ಎಮ್ಮಿ ಹಾಲಿಗಿಂತ ಬಾಳ ದಪ್ಪ ಇರತೈತ್ರಿ ಕಾಕಾ."

ಕಾಕಾನ ಹೊಟ್ಟೆ ಉರಿದುಹೋಯಿತು. "ನೋಡ, ಇಂಥಾ ಜಾತಿ ಹಿಂಡಾಕ ಬರದವರ ಕಡೆ ಐತಿ!"

ಒಳಗಿನಿಂದ ಆಯಿ, ನನ್ನ ಅಜ್ಜಿ, ಕೂಗಿದಳು: "ಇಷ್ಟ ದಿನಾ ಅದರ ಬೆನ್ನ ಹತ್ತಿ, ಒಂದ ತಂಬಗಿ ಗಿಣ್ಣದ ಹಾಲ ತರಲಿಲ್ಲ. ಏನ ಕಲತೀಯೇ?"

೩. ನಿಪ್ಪಾಣಿಯ ವರ

ಮುಂದಿನ ವರ್ಷವೂ ಬಾ ಎಂದು ಕಾರವಾರದಿಂದ ಕರೆ ಬಂತು. ಅಪ್ಪ ಅಷ್ಟರಲ್ಲಿ ನಿಪ್ಪಾಣಿಯಿಂದ ವರನನ್ನೇ ಕರೆಸಿದ. "ಇದು ಕೂಡಿತಂದ್ರ ಸಮುದ್ರ ಬಂದ್!" ಬಿಸಿಲಿಗೆ ಕಪ್ಪಾದ ನನ್ನ ಮುಖಕ್ಕೆ ಸೋದರತ್ತೆ ಪೌಡರ್ ಹಚ್ಚಲು ಬಂದಳು. ಹಚ್ಚಿಸಿಕೊಳ್ಳಲಿಲ್ಲ. ಆ ಕಪ್ಪು ನಾನು ದುಡಿದು ಗಳಿಸಿದ್ದು.

ವರನ ತಂದೆ ಅವಲಕ್ಕಿ ತಿನ್ನುತ್ತಾ ಹೇಳಿದರು: "ಮದುವಿ ಆದ ಮ್ಯಾಲ ಇದೆಲ್ಲಾ ಬಿಡಬೇಕ ನೋಡವಾ."

"ನಾ ಬಿಡೂದಿಲ್ರಿ."

ಅವರು ಅಪ್ಪನ ಕಡೆ ತಿರುಗಿ ನಕ್ಕರು. "ಏನ್ರೀ, ಓದಿಸಿ ಓದಿಸಿ ಮಗಳನ್ನ ಮೀನ ಹಿಂದ ಬಿಟ್ಟೀರಲ್ಲಾ!"

ಅಪ್ಪ ಚಹಾದ ಬಸಿ ಕೆಳಗಿಟ್ಟ.

"ಮೀನಲ್ರೀ ಅದು! ಮರಿ ಹಾಕತೈತಿ, ಹಾಲ ಕುಡಸತೈತಿ, ಮ್ಯಾಲ ಬಂದು ನಮ್ಮಂಗ ಉಸಿರಾಡತೈತಿ! ಇಷ್ಟೂ ಗೊತ್ತಿಲ್ಲದ ಮನಿಗೆ ನಾ ಹೆಣ್ಣ ಕೊಡೂದಿಲ್ಲ. ನಮಸ್ಕಾರ್ರಿ!"

ಬಂದವರು ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದರು. ನಾನು ಒಳಗೆ ಹೋಗಿ ಕಾರವಾರಕ್ಕೆ ಬಟ್ಟೆ ತುಂಬುತ್ತಿದ್ದೆ. ಅಪ್ಪ ಬಾಗಿಲಿಗೆ ಬಂದು ಆಚೆ ಈಚೆ ನೋಡಿ, ಮೆಲ್ಲಗೆ ಕೇಳಿದ:

"ಅಲ್ಲವಾ, ಖರೇನ ಹಾಲ ಕುಡಸತೈತೇನ ಅದು? ಮಂದಿ ಮುಂದ ಹೇಳಿಬಿಟ್ಟೇನಿ."