ದೋಷವಿಲ್ಲದ ಬೀರು

ಎಲ್ಲ ರಗಳೆಗೂ ಮೂಲ ಆ ಬೀರು. ಅದರಲ್ಲಿ ಒಂದೇ ಒಂದು ದೋಷವೂ ಇರಲಿಲ್ಲ.

ಬೇರೆ ಯಾವ ಕುರ್ಚಿ-ಮೇಜಿನ ಅಂಗಡಿಯಲ್ಲಾದರೂ ಅಂಥ ಬೀರು ಬಂದ ವಾರದಲ್ಲೇ ಯಾರದೋ ಮನೆ ಸೇರುತ್ತಿತ್ತು. ಗಟ್ಟಿ ಮರ, ಮುಖ ಕಾಣುವಂಥ ಪಾಲಿಶ್, ಕಿರುಬೆರಳಿನಿಂದ ತಳ್ಳಿದರೂ ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲು. ಆದರೆ ಈ ಅಂಗಡಿಯಲ್ಲಿ ಅದು ಎರಡು ವರ್ಷದಿಂದ ಒಂದೇ ಜಾಗದಲ್ಲಿ ನಿಂತು, ಬಂದವರನ್ನೆಲ್ಲ ನೋಡಿ ಕಳಿಸುತ್ತಿತ್ತು.

ಅದಕ್ಕೆ ಕಾರಣ ಈ ಅಂಗಡಿಯ ನೇಮ. ಅಂಗಡಿ ಹಾಕಿದ ಅಜ್ಜ ಮಹಾ ದೈವಭಕ್ತರು. ‘ನಮ್ಮ ಅಂಗಡಿಗೆ ದಿನಾ ಮೊದಲು ಬರೋ ಗಿರಾಕಿ ದೇವರು. ಎಲ್ಲ ಮಾಲಿನ ಹುಳುಕೂ ಅವನಿಗೆ ಗೊತ್ತು. ಅವನ ಎದುರಿಗೇ ಇನ್ನೊಬ್ಬ ಗಿರಾಕಿ ಹತ್ತಿರ ಹುಳುಕು ಮುಚ್ಚಿಟ್ಟರೆ, ನಾಳೆ ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆ ಮಾಡೋದು?’ ಎನ್ನುತ್ತಿದ್ದರಂತೆ. ಅಂದಿನಿಂದ ಷಟರ್ ಎತ್ತುವ ಮೊದಲು ಪ್ರಾರ್ಥನೆ, ಬೆಲೆ ಹೇಳುವ ಮೊದಲು ದೋಷ. ‘ಈ ಮಂಚ ಒಂದು ಕಡೆ ಸ್ವಲ್ಪ ತಗ್ಗು, ಈ ಮೇಜಿನ ಡ್ರಾಯರ್ ಹಟಮಾರಿ’ ಎಂದು ಹೇಳಿಯೇ ಮಾರುವುದು. ಗಿರಾಕಿಗಳಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ದೋಷ ಕೇಳುವ ತನಕ ಅವರಿಗೆ ಸಮಾಧಾನವಿಲ್ಲ. ಕೇಳಿದ ಮೇಲೆ ‘ಇಷ್ಟೇ ತಾನೇ?’ ಎಂದು ನಿರಾಳವಾಗಿ ಕೊಂಡುಹೋಗುತ್ತಿದ್ದರು.

ಈ ಬೀರುವಿನಲ್ಲಿ ಮಾತ್ರ ಅಜ್ಜನ ಮಗ, ಈಗಿನ ಯಜಮಾನರು, ಟಾರ್ಚ್ ಹಿಡಿದು, ಮೊಣಕಾಲೂರಿ, ಅಡಿಯಲ್ಲೆಲ್ಲ ತಡಕಾಡಿದರೂ ಏನೂ ಸಿಕ್ಕಿರಲಿಲ್ಲ. ‘ಇದರಲ್ಲಿ ದೋಷ ಇಲ್ಲ’ ಎಂದು ಇದ್ದದ್ದನ್ನೇ ಹೇಳಿದರು. ಯಜಮಾನರೇ ಬಾಯಿಬಿಟ್ಟು ಹೇಳಲಾಗದಂಥ ದೋಷ ಎಂದರೆ ಇನ್ನೆಂಥದ್ದಿರಬೇಕು ಎಂದು ಹೆದರಿ, ಗಿರಾಕಿಗಳು ಪಕ್ಕದ ಬಿರುಕುಬಿಟ್ಟ ಬೀರುವನ್ನು ಸಂತೋಷದಿಂದ ಒಯ್ದರು.

ಇದನ್ನೆಲ್ಲ ನೋಡುತ್ತಲೇ ಬೆಳೆದವನು ಯಜಮಾನರ ಮಗ. ಬೀದಿಯವರೆಲ್ಲ ಅವನನ್ನು ‘ಚಿಕ್ಕ ಯಜಮಾನ’ ಎನ್ನುತ್ತಿದ್ದರು. ಹೆಸರಿಗೆ ಯಜಮಾನ, ಕೆಲಸಕ್ಕೆ ಹಿಂದಿನ ಗೋಡೌನಿನಲ್ಲಿ ಪಾಲಿಶ್ ತಿಕ್ಕುವುದು. ನಲವತ್ತಕ್ಕೆ ಹತ್ತಿರವಾದರೂ ಗಲ್ಲಾದ ಹಿಂದಿನ ಅಗಲ ಕೈಯ ಕುರ್ಚಿಯಲ್ಲಿ ಒಂದು ದಿನ ಕೂತವನಲ್ಲ. ಅಪ್ಪನ ಸತ್ಯ ಅವನ ಬಾಳನ್ನೇ ಅರೆದಿತ್ತು. ಶಾಲೆಗೆ ಸೇರಿಸುವಾಗ ಅಪ್ಪ ಹೆಡ್‌ಮಾಸ್ತರರ ಮುಂದೆ, ‘ಲೆಕ್ಕ ಬರಲ್ಲ, ಬೈದ್ರೆ ಮೂರು ದಿನ ಮುಖ ಊದಿಸ್ಕೊಂಡಿರ್ತಾನೆ. ಮೊದಲೇ ಹೇಳಿಬಿಡ್ತೀನಿ’ ಎಂದಿದ್ದರು. ಹೆಣ್ಣಿನವರ ಮುಂದೆಯೂ ಅದೇ ರಾಗ. ಹೆಂಡತಿ ಇವತ್ತಿಗೂ ಅವನ ಜೊತೆ ಜಗಳವಾಡುವುದಿಲ್ಲ. ‘ಮಾವ ಎಲ್ಲಾ ಹೇಳೇ ಕೊಟ್ಟಿದ್ದಾರೆ, ನಾನು ಯಾವ ಬಾಯಲ್ಲಿ ಕೇಳ್ಲಿ?’ ಎಂದು ನಿಟ್ಟುಸಿರು ಬಿಡುತ್ತಾಳೆ. ಜಗಳಕ್ಕಿಂತ ಆ ನಿಟ್ಟುಸಿರು ಅವನ ಮೈ ಉರಿಸುತ್ತಿತ್ತು.

ಆ ದಿನ ಬೆಳಿಗ್ಗೆ ಅಪ್ಪ ಪ್ರಾರ್ಥನಾ ಮಂದಿರದ ಇಡೀ ದಿನದ ಸಭೆಗೆ ಹೊರಟು ನಿಂತರು. ಅಂಗಡಿಗೆ ಯಾರೂ ಇಲ್ಲ. ಬೇರೆ ದಾರಿ ಕಾಣದೆ ಬೀಗದ ಕೈಯನ್ನು ಮಗನ ಕಡೆ ಚಾಚಿದರು.

‘ಇವತ್ತೊಂದಿನ ನೀನು ನೋಡ್ಕೋ. ನಾನು ಬರೋ ಹೊತ್ತಿಗೆ ಅಂಗಡಿಯಿಂದ ಒಂದೇ ಒಂದು ಸುಳ್ಳೂ ಆಚೆ ಹೋಗದೆ ಇದ್ರೆ, ನಾಳೆಯಿಂದ ಆ ಕುರ್ಚಿ ನಿಂದು. ಹೋಗಿದ್ರೆ, ಗೋಡೌನ್ ಇದ್ದೇ ಇದೆ.’

ಚಿಕ್ಕ ಯಜಮಾನ ಹೋಗಿ ಕುರ್ಚಿಯಲ್ಲಿ ಕೂತ. ಅದರ ಅಗಲ ಕೈಗಳ ಮೇಲೆ ತನ್ನ ಕೈಯಿಟ್ಟ. ಬೆನ್ನು ಒರಗಿಸಿದ. ಇಷ್ಟು ವರ್ಷ ಇದನ್ನು ಅಪ್ಪ ಒಬ್ಬರೇ ಅನುಭವಿಸಿದರಲ್ಲ ಎಂದು ಹೊಟ್ಟೆ ಉರಿಯಿತು.

ಮೊದಲ ಗಿರಾಕಿಯಾಗಿ ರಿಟೈರ್ಡ್ ಮೇಷ್ಟ್ರು ಬಂದರು. ಅವರಿಗೊಂದು ಬೀರು ಬೇಕಿತ್ತು. ಇಷ್ಟು ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದ ಹೊಗಳಿಕೆಯೆಲ್ಲ ಚಿಕ್ಕ ಯಜಮಾನನ ಬಾಯಿಂದ ಒಮ್ಮೆಗೇ ಹೊರಬಿತ್ತು.

‘ಮೇಷ್ಟ್ರೇ, ಇಂಥ ಬೀರು ಇಡೀ ಪೇಟೆ ಹುಡುಕಿದ್ರೂ ಸಿಗಲ್ಲ. ಮರ ನೋಡಿ, ಬಾಗಿಲು ನೋಡಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತೆ!’

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೈಕಟ್ಟಿ ಕಾದರು. ‘ಹೂಂ, ಹೇಳು.’

‘ಏನು ಹೇಳ್ಲಿ?’

‘ದೋಷ ಕಣಪ್ಪ.’

‘ದೋಷ ಇಲ್ಲ ಮೇಷ್ಟ್ರೇ.’

‘ನಿಮ್ಮಪ್ಪನೂ ಹಾಗೇ ಅಂದಿದ್ರು. ಅಪ್ಪ ಮಗ ಇಬ್ರೂ ಸೇರ್ಕೊಂಡು ಏನೋ ಮುಚ್ಚಿಡ್ತಿದ್ದೀರ ಅಂದ ಹಾಗಾಯ್ತು’ ಎಂದು ಮೇಷ್ಟ್ರು ಕೊಡೆ ಎತ್ತಿಕೊಂಡು ಹೊರಟೇಬಿಟ್ಟರು.

ಚಿಕ್ಕ ಯಜಮಾನನಿಗೆ ತಲೆ ಕೆಟ್ಟುಹೋಯಿತು. ಇದೆಂಥ ಅನ್ಯಾಯ! ಸುಳ್ಳು ಹೇಳಬಾರದು ಅನ್ನುತ್ತಾರೆ, ನಿಜ ಹೇಳಿದರೆ ನಂಬುವುದಿಲ್ಲ. ಹಾಗಿದ್ದರೆ ಮನುಷ್ಯ ಹೇಳಬೇಕಾದದ್ದಾದರೂ ಏನು?

‘ಕಿರುಗುಟ್ಟುತ್ತೆ!’ ಎಂದು ಅವನು ಸಿಟ್ಟಿನಲ್ಲಿ ಕೂಗಿದ. ‘ಬಾಗಿಲು ಕಿರುಗುಟ್ಟುತ್ತೆ. ಸಾಕಾ?’

ಮೇಷ್ಟ್ರು ಗಕ್ಕನೆ ನಿಂತರು. ಅವರ ಮುಖ ಅರಳಿತು. ‘ಎಷ್ಟು ಜೋರು?’

‘ಪಕ್ಕದ ಮನೆಗೂ ಕೇಳೋಷ್ಟು.’

ಮೇಷ್ಟ್ರು ಬಾಗಿಲು ತೆಗೆದು ಹಾಕಿ ನೋಡಿದರು. ‘ಈಗ ಸದ್ದೇ ಇಲ್ವಲ್ಲ?’

‘ಖಾಲಿ ಇದೆಯಲ್ಲ, ಅದಕ್ಕೆ. ಸಾಮಾನು ತುಂಬಿದ ಮೇಲೆ ನೋಡಿ ಅದರ ಆರ್ಭಟ.’

ಮೇಷ್ಟ್ರು ಚೌಕಾಸಿಯನ್ನೂ ಮಾಡದೆ ಬೀರುವನ್ನು ಕೈಗಾಡಿಗೆ ಹೇರಿಸಿಕೊಂಡು ಹೊರಟರು. ಎರಡು ವರ್ಷದ ಬೀರು ಎರಡು ನಿಮಿಷದಲ್ಲಿ ಹೋಗಿತ್ತು. ನೇಮ ಮುರಿಯಿತೇ ಎಂದು ಅವನಿಗೆ ಒಂದು ಕ್ಷಣ ಅನುಮಾನ ಬಂತು. ಇಲ್ಲದ ಗುಣ ಹೇಳಿದರೆ ಮೋಸ, ಇಲ್ಲದ ದೋಷ ಹೇಳಿದರೆ ವಿನಯ ತಾನೇ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಮತ್ತೆ ಒರಗಿದ.

ಆಮೇಲೆ ಬಂದವರು ಎದುರು ಬೀದಿಯ ಟೈಲರಮ್ಮ. ಹೊಲಿಗೆ ಅಂಗಡಿಗೆ ಬಂದವರು ಕೂರಲು ಕುರ್ಚಿ ಬೇಕಿತ್ತು. ಈ ಸಲ ಅವನು ಸಮಯ ಹಾಳುಮಾಡಲಿಲ್ಲ. ‘ಇದರ ಒಂದು ಕಾಲು ಗಿಡ್ಡ ಅಕ್ಕ. ಐದು ನಿಮಿಷಕ್ಕಿಂತ ಜಾಸ್ತಿ ಯಾರೂ ಕೂರಕ್ಕಾಗಲ್ಲ’ ಎಂದ. ಆ ಕುರ್ಚಿಯೋ, ನಾಲ್ಕು ಕಾಲನ್ನೂ ನೆಲಕ್ಕೆ ಅಂಟಿಸಿದ ಹಾಗೆ ನಿಂತಿತ್ತು.

‘ಐದೇ ನಿಮಿಷನಾ? ಖಂಡಿತಾನಾ?’ ಎಂದು ಟೈಲರಮ್ಮ ಆಸೆಯಿಂದ ಕೇಳಿದರು. ‘ಖಂಡಿತ’ ಎಂದ ಕೂಡಲೇ ಕುರ್ಚಿಯನ್ನು ತಾವೇ ತಲೆಯ ಮೇಲಿಟ್ಟುಕೊಂಡು ನಡೆದರು.

ಮಧ್ಯಾಹ್ನ ಪಕ್ಕದ ಚಪ್ಪಲಿ ಅಂಗಡಿಯವರು ಒಳಗೆ ಬಂದರು. ಬೀದಿಯಲ್ಲಿ ಯಾರ ಮನೆ ಒಲೆ ಹೊಗೆಯಾಡಿದರೂ ಮೊದಲು ಕೆಮ್ಮುವವರು ಇವರೇ.

‘ಏನೋ ಚಿಕ್ಕ ಯಜಮಾನ, ಭಾರಿ ವ್ಯಾಪಾರ! ಏಳು, ಆ ಕುರ್ಚಿಲಿ ನಾನೂ ಸ್ವಲ್ಪ ಕೂತ್ ನೋಡ್ತೀನಿ. ನಿಮ್ಮಪ್ಪ ಅಂತೂ ಯಾವತ್ತೂ ಬಿಡ್ಲಿಲ್ಲ.’

ಒಂದು ಆಯುಷ್ಯ ಕಾದು ಸಿಕ್ಕಿದ ಕುರ್ಚಿ, ಅದನ್ನು ಅರ್ಧ ದಿನವೂ ಆಗದೆ ಈ ಮನುಷ್ಯನಿಗೆ ಬಿಟ್ಟುಕೊಡುವುದೇ?

‘ಬೇಡ ಮಾಮ’ ಎಂದ ಅವನು, ಅಲುಗಾಡದೆ. ‘ಹಿಂದಿನ ಕಾಲು ಮುರಿದಿದೆ. ನಾನು ಹೇಗೋ ಬ್ಯಾಲೆನ್ಸ್ ಮಾಡ್ಕೊಂಡು ಕೂತಿದ್ದೀನಿ. ಬೇರೆ ಯಾರು ಕೂತ್ರೂ ಬೀಳ್ತಾರೆ.’

‘ಹೌದಾ?’ ಎಂದು ಚಪ್ಪಲಿ ಅಂಗಡಿಯವರು ಕುರ್ಚಿಯನ್ನೂ ಅವನನ್ನೂ ಒಂದೊಂದು ಸಲ ನೋಡಿ ಹೋದರು.

ಸಂಜೆಯಾಗುತ್ತಿದ್ದಂತೆ ಮೇಷ್ಟ್ರು ಬಿರುಗಾಳಿಯ ಹಾಗೆ ನುಗ್ಗಿದರು.

‘ಸುಳ್ಳುಗಾರ! ಕಿರುಗುಟ್ಟುತ್ತೆ ಅಂದ್ಯಲ್ಲ, ಎಲ್ಲಿ ಕಿರುಗುಟ್ಟುತ್ತೆ? ತುಂಬಿದೆ, ಬಡಿದೆ, ಒದ್ದೆ. ಚೂರೂ ಸದ್ದಿಲ್ಲ!’

‘ಅದು ಒಳ್ಳೇದೇ ಅಲ್ವಾ ಮೇಷ್ಟ್ರೇ?’

‘ಏನು ಒಳ್ಳೇದು? ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಬಿಸ್ಕತ್ತು ಎಲ್ಲಿಟ್ರೂ ಕದ್ದು ತಿಂತಾರೆ. ಬೀಗ ಹಾಕಿದ್ರೆ ಅಳಿಯ ಅವಮಾನ ಮಾಡ್ದ ಅಂತ ಅಳ್ತಾರೆ. ಬಾಗಿಲು ಕಿರುಗುಟ್ಟಿದ್ರೆ ನನಗೆ ಗೊತ್ತಾಗುತ್ತೆ ಅಂತ ನಂಬಿ ತಗೊಂಡೆ. ನಾನು ಊಟ ಮಾಡಿ ಮಲಗಿ ಏಳೋಷ್ಟರಲ್ಲಿ ಡಬ್ಬ ಖಾಲಿ!’

ಅವನು ಉತ್ತರ ಹುಡುಕುವ ಮೊದಲೇ ಟೈಲರಮ್ಮ ಕತ್ತರಿ ಕೈಯಲ್ಲಿ ಹಿಡಿದೇ ಬಂದರು. ‘ನಮ್ಮ ಭಾವ ದಿನಾ ಅಂಗಡಿಗೆ ಬಂದು ಕೂತ್ರೆ ಏಳೋದೇ ಇಲ್ಲ. ಐದು ನಿಮಿಷಕ್ಕೆ ಎದ್ದು ಹೋಗ್ಲಿ ಅಂತ ನಿನ್ನ ಕುರ್ಚಿ ತಗೊಂಡೆ. ಈಗ ಅದರಲ್ಲೇ ಗೊರಕೆ ಹೊಡೀತಿದ್ದಾರೆ! ಇಷ್ಟು ಸುಖವಾದ ಕುರ್ಚಿ ಜನ್ಮದಲ್ಲೇ ನೋಡಿಲ್ಲ ಅಂದ್ರು. ನಾಚಿಕೆ ಆಗಲ್ವಾ ನಿನಗೆ, ಅಂಥಾ ಅಂಗಡಿಲಿ ಕೂತ್ಕೊಂಡು?’

ಒಳ್ಳೆಯ ಮಾಲು ಕೊಟ್ಟಿದ್ದಕ್ಕೆ ಬೈಗುಳ ತಿಂದ ವ್ಯಾಪಾರಿ ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು ಎಂದು ಚಿಕ್ಕ ಯಜಮಾನನಿಗೆ ರೋಷ ಉಕ್ಕಿತು. ‘ನಿಮಗೆಲ್ಲ ತಲೆ ನೆಟ್ಟಗಿದೆಯಾ? ಗಟ್ಟಿ ಬೀರು ಕೊಟ್ಟೆ, ಗಟ್ಟಿ ಕುರ್ಚಿ ಕೊಟ್ಟೆ—’

‘ಏನು ಗಲಾಟೆ?’

ಬಾಗಿಲಲ್ಲಿ ಅಪ್ಪ ನಿಂತಿದ್ದರು.

ಎಲ್ಲರೂ ಒಟ್ಟಿಗೆ ಹೇಳಿದರು. ಅಪ್ಪ ಕೇಳುತ್ತ ಹೋದಂತೆ ಅವರ ಮುಖ ಇಳಿಯಿತು. ಕಡೆಗೆ ಕಣ್ಣು ಮುಚ್ಚಿ, ತುಟಿ ಅಲುಗಿಸತೊಡಗಿದರು. ಬೆಳಗಿನಿಂದ ಸಂಜೆಯವರೆಗೆ ಮಾಡಿದ ಪ್ರಾರ್ಥನೆಯನ್ನು ಮತ್ತೆ ಮೊದಲಿಂದ ಶುರುಮಾಡಿದಂತಿತ್ತು. ಮಗನಿಗೆ ನಿಜವಾಗಿ ಸಂಕಟವಾದದ್ದು ಆಗಲೇ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು.

‘ಅಪ್ಪ, ಮಾಲು ವಾಪಸ್ ತಗೊಂಡ್ ಬಿಡೋಣ’ ಎಂದ ಮೆಲ್ಲಗೆ.

‘ಮಾಲು ವಾಪಸ್ ಬರುತ್ತೆ. ಆಡಿದ ಮಾತು ಹೇಗೆ ವಾಪಸ್ ತರ್ತೀಯ?’ ಅಪ್ಪ ಕಣ್ಣು ಬಿಟ್ಟರು. ‘ಮೂರು ತಲೆಮಾರಿನಿಂದ ಈ ಅಂಗಡಿಲಿ ಹೇಳಿದ ದೋಷ ಸುಳ್ಳಾಗಿಲ್ಲ. ಇವತ್ತೂ ಆಗಬಾರದು. ಗರಗಸ, ಸುತ್ತಿಗೆ ತಗೋ. ನೀನು ಏನೇನು ಹೇಳಿದ್ಯೋ ಎಲ್ಲಾ ನಿಜ ಮಾಡ್ಕೊಂಡು ಬಾ.’

‘ಅಂದ್ರೆ, ಗಟ್ಟಿಯಾಗಿರೋದನ್ನ ಕೆಡಿಸ್ಬೇಕಾ?’

‘ನಾಲಿಗೆ ಕೆಡಿಸಿಕೊಂಡವನು ನೀನು.’

ಚೀಲ ಹೆಗಲಿಗೇರಿಸಿ ಅವನು ಮೇಷ್ಟ್ರ ಮನೆಗೆ ನಡೆದ. ಬಾಗಿಲ ಕೀಲಿನ ಎಣ್ಣೆ ಒರೆಸಿದ, ಸದ್ದಿಲ್ಲ. ಮೊಳೆ ಸಡಿಲಿಸಿದ, ಸದ್ದಿಲ್ಲ. ಅದನ್ನು ಮಾಡಿದ ಬಡಗಿಯನ್ನು ಮನಸಾರೆ ಶಪಿಸುತ್ತ, ಕೀಲಿಗೆ ಹಿಡಿ ಮರಳು ತುಂಬಿ, ಸುತ್ತಿಗೆಯಿಂದ ಬಡಿದು ಬಗ್ಗಿಸಿದ ಮೇಲೆ ಬೀರು ಕೊನೆಗೂ ಕಿರ್‍ರೆಂದು ಅರಚಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅವರ ಅತ್ತೆ ಮೂಲೆಯಿಂದ, ‘ನಿನ್ನ ಕೈ ಸೇದಿಹೋಗ’ ಎಂದು ಹರಸಿದರು. ಟೈಲರಮ್ಮನ ಅಂಗಡಿಯಲ್ಲಿ ಭಾವನನ್ನು ಎಬ್ಬಿಸಿ, ಅವರು ಕಣ್ಣುಜ್ಜಿಕೊಂಡು ನೋಡುತ್ತಿರುವಾಗಲೇ ಕುರ್ಚಿಯ ಕಾಲು ಕುಯ್ದ. ‘ಇಷ್ಟು ಒಳ್ಳೇ ಕುರ್ಚಿನ ಯಾಕಪ್ಪಾ?’ ಎಂದು ಅವರು ಕೇಳಿದ್ದಕ್ಕೆ, ‘ನಮ್ಮದು ಸತ್ಯದ ಅಂಗಡಿ’ ಎಂದು ಹಲ್ಲು ಕಡಿಯುತ್ತ ಹೇಳಿದ.

ಮರಳಿದಾಗ ಅಪ್ಪ ಷಟರ್ ಪಕ್ಕ ಕಾಯುತ್ತಿದ್ದರು. ಜೊತೆಗೆ ಚಪ್ಪಲಿ ಅಂಗಡಿಯವರು.

‘ಎಲ್ಲಾ ಮುಗೀತಾ?’

‘ಮುಗೀತು ಅಪ್ಪ.’

‘ಎಲ್ಲಿ ಮುಗೀತು?’ ಎಂದರು ಚಪ್ಪಲಿ ಅಂಗಡಿಯವರು. ‘ನನಗೆ ಹೇಳಿದ್ದು? ಈ ಗಲ್ಲಾ ಕುರ್ಚಿ ಕಾಲು ಮುರಿದಿದೆ, ಯಾರು ಕೂತ್ರೂ ಬೀಳ್ತಾರೆ ಅಂದ್ಯಲ್ಲ?’

ಚಿಕ್ಕ ಯಜಮಾನ ಅಪ್ಪನ ಕಡೆ ನೋಡಿದ. ‘ಅಪ್ಪ, ಅದು ವ್ಯಾಪಾರದ ಮಾತಲ್ಲ. ಅಜ್ಜನ ಕುರ್ಚಿ ಅದು!’

‘ಅಂಗಡಿ ಒಳಗೆ ನಿಂತು ಹೇಳಿದ್ದು ತಾನೇ?’

ಅಪ್ಪ ಕುರ್ಚಿಯ ಕೈಯನ್ನು ಒಂದು ಸಲ ಸವರಿದರು. ಆದರೂ ಕುರ್ಚಿಯನ್ನು ಅವರೇ ಎತ್ತಿ ಬೆಳಕಿಗೆ ತಂದಿಟ್ಟರು. ಮಗ ಗರಗಸ ಹಿಡಿದ. ಒಂದೊಂದು ಎಳೆತಕ್ಕೂ ಮೇಷ್ಟ್ರನ್ನು, ಟೈಲರಮ್ಮನ ಭಾವನನ್ನು, ಚಪ್ಪಲಿ ಅಂಗಡಿಯವರನ್ನು, ಕಡೆಗೆ ತನ್ನ ನಾಲಿಗೆಯನ್ನೂ ಬೈದುಕೊಂಡ. ಕಣ್ಣಲ್ಲಿ ನೀರಾಡಿತು. ಹಿಂದಿನ ಕಾಲು ಮುಕ್ಕಾಲು ಭಾಗ ಕುಯ್ದ ಮೇಲೆ ಅಪ್ಪ ‘ಸಾಕು’ ಎಂದರು. ಕುರ್ಚಿಯನ್ನು ಗಲ್ಲಾದ ಹಿಂದೆ ಒಯ್ದು ಜೋಪಾನವಾಗಿ ಗೋಡೆಗೆ ಒರಗಿಸಿದರು. ಚಪ್ಪಲಿ ಅಂಗಡಿಯವರು ತೃಪ್ತಿಯಿಂದ ಮನೆಗೆ ಹೋದರು.

ಸಾಮಾನು ಚೀಲಕ್ಕೆ ತುಂಬಿಕೊಂಡು ಮಗ ಗೋಡೌನಿನ ಕಡೆ ತಿರುಗಿದ.

‘ಎಲ್ಲಿಗೆ?’ ಎಂದರು ಅಪ್ಪ.

‘ನನ್ನ ಜಾಗಕ್ಕೆ.’

‘ಇಲ್ಲಿ ಬಾ. ನೀನು ಹೇಳಿದ್ದೆಲ್ಲ ಈಗ ನಿಜ ಆಗಿದೆ. ಅಂಗಡಿಯಿಂದ ಒಂದು ಸುಳ್ಳೂ ಆಚೆ ಹೋದ ಹಾಗಾಗ್ಲಿಲ್ಲ. ಬೆಳಿಗ್ಗೆ ನಾನೂ ಒಂದು ಮಾತು ಕೊಟ್ಟಿದ್ದೆ. ತಗೋ, ಕುರ್ಚಿ ಇನ್ಮೇಲೆ ನಿಂದು.’

ಅವನಿಗೆ ನಂಬಲಾಗಲಿಲ್ಲ. ಚೀಲ ಕೈಯಿಂದ ಜಾರಿತು. ಸಿಟ್ಟು, ಸುಸ್ತು, ಇಷ್ಟು ವರ್ಷದ ಉರಿ ಎಲ್ಲ ಒಂದು ಕ್ಷಣ ಮರೆತುಹೋಗಿ, ಅವನು ಗಲ್ಲಾದ ಹಿಂದೆ ಓಡಿ ಕುರ್ಚಿಯ ಕೈಗಳನ್ನು ಹಿಡಿದುಕೊಂಡ.

‘ತಾಳು, ತಾಳು’ ಎಂದು ಅಪ್ಪ ಕೈ ಎತ್ತಿದರು. ‘ಕೊಡೋ ಮುಂಚೆ ಹೇಳಬೇಕಾದ್ದು ನನ್ನ ಕರ್ತವ್ಯ. ಅದರಲ್ಲಿ ಒಂದು ದೋಷ ಇದೆ.’