ಸೇಂಟ್ ಬೆರಿಲ್‌ಗೆ ಎರಡು ಸಲ ಹೋದವನು

ಕೀರ್ತನನಿಗೆ ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ. ಬೀಫಾತಿಮ ಹಜ್ಜುಮ್ಮ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮಾರ್ಕೆಟಿನಲ್ಲಿ ಅಂಜಲ್ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಅವನ ಮುಖ ನೋಡಿ ಕೇಳಿದ್ದರಿಂದ ಬಾಯಿ ಜಾರಿತು, ಅಷ್ಟೆ.

"ನೀನು ಹೋಗಿದ್ದೀಯಾ ಈ ದ್ವೀಪಕ್ಕೆ?"

"ಹೋಗಿದ್ದೇನೆ ಹಜ್ಜುಮ್ಮ. ಎರಡು ಸಲ."

ಒಂದು ಸಲ ಎಂದಿದ್ದರೂ ಸಾಕಿತ್ತು. ಎರಡು ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ.

ಕೀರ್ತನ್ ಮಂಗಳೂರಿನಾಚೆ ಕಡಲತಡಿಯ ಹೆಜಮಾಡಿಯವನು. ಕೊಲ್ಲಿ ನಾಡಿನ ದೇರಾ ಪೇಟೆಯ ಒಂದು ಟ್ರಾವೆಲ್ಸ್ ಆಫೀಸಿನ ಕೌಂಟರಿನಲ್ಲಿ ಕೂತು ಜನರನ್ನು ಜಾರ್ಜಿಯಾ, ಬಾಕು, ಫುಕೆಟ್ ಎಂದು ಕಳಿಸುವುದು ಅವನ ಕೆಲಸ. ತಾನು ಮಾತ್ರ ಮಂಗಳೂರಿನ ವಿಮಾನ ಬಿಟ್ಟರೆ ಬೇರೆ ವಿಮಾನದ ಮುಖ ಕಂಡವನಲ್ಲ. ಅವನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಬೆರಿಲ್ ಎಂಬ ಪುಟ್ಟ ದ್ವೀಪದ ಪೋಸ್ಟರ್ ಇತ್ತು. ನೀಲಿ ನೀರು, ಬಿಳಿ ಮರಳು, ಎರಡು ತೆಂಗಿನಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಲೋಕದ ಚಿಂತೆಯಿಲ್ಲದೆ ಮಲಗಿದ ಯಾರದೋ ಎರಡು ಪಾದ. ಅಲ್ಲಿಗೆ ಮೊದಲ ಗುಂಪನ್ನು ಕಳಿಸಿದವರಿಗೆ ಹೆಂಡತಿಯ ಜೊತೆ ಅದೇ ಟೂರು ಪುಕ್ಕಟೆ ಎಂದು ಮ್ಯಾನೇಜರ್ ಜೇಸನ್ ಸಾರಿದ ದಿನದಿಂದ ಕೀರ್ತನ್ ಆ ಪಾದಗಳ ಜಾಗದಲ್ಲಿ ತನ್ನ ಪಾದಗಳನ್ನೇ ಕಾಣುತ್ತಿದ್ದ.

ಹಜ್ ಯಾತ್ರೆ ಮುಗಿಸಿ ಹಜ್ಜುಮ್ಮ ಎನಿಸಿಕೊಂಡ ಬೀಫಾತಿಮನದು ಅದೇ ಬೀದಿಯಲ್ಲಿ ಒಣಹಣ್ಣಿನ ಅಂಗಡಿ ಇಟ್ಟ ಮನೆತನ. ಶಾಲೆಗೆ ರಜೆ ಬಂದರೆ ಮಗಳು, ಸೊಸೆ, ಮೊಮ್ಮಕ್ಕಳು ಎಂದು ಇಡೀ ದಂಡನ್ನು ಕಟ್ಟಿಕೊಂಡು ಹೊರಡುವ ಹೆಂಗಸು.

"ಸೇಂಟ್ ಬೆರಿಲ್! ಹೆಸರಲ್ಲೇ ನಮ್ಮ ಬ್ಯಾರಿ ಜನ ಉಂಟಲ್ಲ," ಎಂದು ಪೋಸ್ಟರ್ ನೋಡಿ ನಕ್ಕರು. "ಆದ್ರೆ ಹೋಗಿ ನೋಡಿದವರ ಬಾಯಿಂದ ಕೇಳದೆ ನಾನು ಹೊರಡುದಿಲ್ಲ. ಆಚೆ ವರ್ಷ ಒಬ್ಬ ಹಿಮ ಉಂಟು ಅಂದ. ಹೋದ್ರೆ ಬರೀ ಕೆಸರು. ಈಗ ಅವನ ಅಂಗಡಿ ಇರುವ ದಾರಿಯಲ್ಲಿ ನಾನು ನಡೆಯುದೂ ಇಲ್ಲ."

ಪಕ್ಕದ ಮೇಜಿನ ಬೆನೆಡಿಕ್ಟ್ ಒಳ್ಳೆಯ ಮನುಷ್ಯ. ಯಾರಾದರೂ ಹೊಂಡಕ್ಕೆ ಬಿದ್ದರೆ ಎತ್ತಲು ಹೋಗಿ ಇನ್ನಷ್ಟು ಒಳಗೆ ದೂಡುವಷ್ಟು ಒಳ್ಳೆಯವನು. ಅವನು ಕುರ್ಚಿ ತಿರುಗಿಸಿ, "ಹಜ್ಜುಮ್ಮ, ಇವನ ಹನಿಮೂನೇ ಅಲ್ಲಿ ಆದದ್ದು!" ಎಂದುಬಿಟ್ಟ.

"ಹೌದಾ? ಹಾಗಾದ್ರೆ ಹೆಂಡತಿಯೂ ನೋಡಿದ್ದಾಳೆ. ಇವತ್ತು ಸಂಜೆ ಇಬ್ಬರೂ ಮನೆಗೆ ಬನ್ನಿ, ಊಟ ಅಲ್ಲೇ. ಸರಿ ಅಂತ ಕಂಡ್ರೆ ನಾಳೆಯೇ ಎಲ್ಲರ ಪಾಸ್‌ಪೋರ್ಟ್ ಕೊಡ್ತೇನೆ." ಬಾಗಿಲ ತನಕ ಹೋದವರು ತಿರುಗಿ ನಿಂತರು. "ನನ್ನ ಅಳಿಯ ಸಫ್ವಾನ್ ಹಡಗಿನಲ್ಲಿ ಇಂಜಿನಿಯರ್. ರಜೆಯಲ್ಲಿ ಬಂದಿದ್ದಾನೆ. ಅವನೂ ಈ ದ್ವೀಪಕ್ಕೆ ಹೋದವನೇ ಅಂತೆ. ನೀವಿಬ್ಬರು ಕೂತು ಮಾತಾಡಿ. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಸರಿ ಹೊಂದ್ತದಾ ಅಂತ ನಾನು ನೋಡ್ತೇನೆ."

ಕೀರ್ತನನ ಮುಖ ಫ್ರೀಜರಿನಿಂದ ಈಗಷ್ಟೇ ತೆಗೆದ ಮಾಂಜಿ ಮೀನಿನಂತಾಯಿತು.

"ನಿನಗೆಂತ ಮರ್ಲಾ? ಹನಿಮೂನ್ ಅಂತ ಯಾಕೆ ಹೇಳಿದ್ದು?" ಎಂದು, ಹಜ್ಜುಮ್ಮ ಹೊರಗೆ ಹೋದದ್ದೇ, ಬೆನೆಡಿಕ್ಟನ ಮೇಲೆ ಹರಿಹಾಯ್ದ.

"ಎರಡು ಸಲ ಅಂದ್ಯಲ್ಲ ಮಾರಾಯ. ಕಾರಣ ಬೇಡ್ವಾ?"

ಅಷ್ಟರಲ್ಲಿ ಜೇಸನ್ ಗಾಜಿನ ಕೋಣೆಯಿಂದ ಹೊರಬಂದ. "ಕೀರ್ತನ್, ಎರಡು ಸಲ ಹೋಗಿದ್ದೀಯಂತೆ! ಒಂದು ಮಾತು ಹೇಳ್ಲಿಲ್ಲ?"

"ಸರ್, ಅದು ಹಾಗಲ್ಲ..."

"ಯಲ್ಲಾ, ನಡಿ ನಡಿ, ಮಾತು ಬೇಡ. ಕನ್ಫರ್ಮ್ ಮಾಡಿಸಿ ಬಾ."

ಮಧ್ಯಾಹ್ನವಿಡೀ ಕೀರ್ತನ್ ಮೊಬೈಲಿನಲ್ಲಿ ದ್ವೀಪದ ವಿಡಿಯೋ ಹುಡುಕಿದ. ಸಿಕ್ಕಿದ ಒಂದೇ ವಿಡಿಯೋದಲ್ಲಿ ಒಬ್ಬ ಫಾರಿನ್ ಯುವಕ ಸಮುದ್ರಕ್ಕೆ ಬೆನ್ನು ಹಾಕಿ ತನ್ನ ಮುಖವನ್ನೇ ತೋರಿಸುತ್ತ ನಡೆಯುತ್ತಿದ್ದ. ಅವನ ಎರಡು ಕಿವಿಗಳ ಆಚೆ ಎಷ್ಟು ಕಂಡಿತೋ ಅಷ್ಟೇ ದ್ವೀಪ.

ಅಷ್ಟರಲ್ಲಿ ಹೆಂಡತಿ ಅಕ್ಷಿತಾಳ ಫೋನ್ ಬಂತು. ದನಿ ಬಹಳ ಮೆತ್ತಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

"ಒಬ್ಬರು ಹಜ್ಜುಮ್ಮ ಫೋನ್ ಮಾಡಿದ್ರು. ಬೆನೆಡಿಕ್ಟ್ ನಂಬರ್ ಕೊಟ್ಟದ್ದಂತೆ. ದ್ವೀಪದಲ್ಲಿ ಹೆಂಗಸರಿಗೆ ಯಾವ ಬಟ್ಟೆ ಒಳ್ಳೇದು, ಹನಿಮೂನಿಗೆ ನೀನು ಎಂತ ಹಾಕಿದ್ದೆ ಅಂತ ಕೇಳಿದ್ರು."

"ಅಕ್ಷಿ, ನಾನು ಹೇಳ್ತೇನೆ..."

"ನಮ್ಮ ಹನಿಮೂನ್ ಇಲ್ಲೇ ಪಕ್ಕದ ಅಲ್ ಐನ್‌ನಲ್ಲಿ ಆದದ್ದು. ಅದೂ ಇನ್ನೊಂದು ಫ್ಯಾಮಿಲಿಯ ಜೊತೆ ಒಂದೇ ಕಾರಿನಲ್ಲಿ. ಅವರ ಮಗು ನನ್ನ ಮೇಲೆ ವಾಂತಿ ಮಾಡಿದ್ದು ನನಗೆ ನೆನಪುಂಟು. ಈ ದ್ವೀಪಕ್ಕೆ ನೀವು ಯಾರ ಜೊತೆ ಹೋದದ್ದು?"

ನಡೆದದ್ದನ್ನೆಲ್ಲ ಹೇಳಿ ಮುಗಿಸುವಾಗ ಅವನ ಶರ್ಟು ಬೆನ್ನಿಗೆ ಅಂಟಿತ್ತು.

"ನಾನೂ ಬರ್ತೇನೆ," ಎಂದಳು ಅಕ್ಷಿತಾ. "ನನ್ನ ಹನಿಮೂನ್ ಹೇಗಾಯ್ತು ಅಂತ ನನಗೂ ಗೊತ್ತಾಗ್ಲಿ."

ಸಂಜೆ ಹೊರಡುವಾಗ ಬೆನೆಡಿಕ್ಟ್ ಎಲ್ಲಿಂದಲೋ ಒಂದು ಶರ್ಟು ತಂದು, ದ್ವೀಪಕ್ಕೆ ಹೋದವರು ಇಂಥದ್ದನ್ನೇ ಹಾಕುವುದೆಂದು ಬಲವಂತವಾಗಿ ತೊಡಿಸಿದ. ಅದರ ತುಂಬ ದೊಡ್ಡ ದೊಡ್ಡ ಗಿಳಿಗಳು. ಕೂತಾಗಲೆಲ್ಲ ಒಂದು ಗಿಳಿ ಅವನ ಹೊಟ್ಟೆಯನ್ನು ಕುಕ್ಕುವಂತೆ ಕಾಣುತ್ತಿತ್ತು. ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ ಸಿಕ್ಕಿದ ಅಕ್ಷಿತಾ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಹಜ್ಜುಮ್ಮನ ಫ್ಲ್ಯಾಟಿನಲ್ಲಿ ಹಾಲಿನ ಉದ್ದಕ್ಕೂ ಹಾಸು ಹಾಸಿ ಬಿರಿಯಾನಿ, ಅಕ್ಕಿರೊಟ್ಟಿಯಂಥ ಪತ್ತಿರ್, ಕೋಳಿ ಸಾರು, ಹುರಿದ ಬಂಗುಡೆ ಇಟ್ಟಿದ್ದರು. ಸುತ್ತ ಮನೆಮಂದಿ. ನಡುವೆ ಅಳಿಯ ಸಫ್ವಾನ್, ದೊಡ್ಡ ಆಳು, ದಟ್ಟ ಗಡ್ಡ. ಎಸಿ ಜೋರಾಗಿದ್ದರೂ ಹಣೆ ಒರೆಸಿಕೊಳ್ಳುತ್ತಿದ್ದ. ಅವನು ಒಂದೇ ಒಂದು ಮಾತು ಆಡಿದರೆ ತನ್ನ ಕತೆ ಖಲಾಸ್ ಎಂದುಕೊಂಡ ಕೀರ್ತನ್ ಅವನಿಗೆ ಸಲಾಂ ಹೇಳುವಾಗ ಕಣ್ಣು ತಪ್ಪಿಸಿದ. ಅವನೂ ತಪ್ಪಿಸಿದ.

"ಹೇಳು ಮಗಾ," ಎಂದರು ಹಜ್ಜುಮ್ಮ.

"ನೀಲಿ ನೀರು, ಹಜ್ಜುಮ್ಮ. ಬಿಳಿ ಮರಳು. ತೆಂಗಿನಮರ." ಪೋಸ್ಟರಿನಲ್ಲಿದ್ದದ್ದು ಅಲ್ಲಿಗೆ ಮುಗಿಯಿತು.

"ಮತ್ತೆ?"

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಕೀರ್ತನ್ ಗಾಬರಿಯಿಂದ ಕಣ್ಣು ಮುಚ್ಚಿದ. ಕಣ್ಣೊಳಗೆ ಒಂದು ಕಡಲು ಕಾಣಿಸಿತು. ಯಾವ ಕಡಲೆಂದು ಕೇಳುವಷ್ಟು ಪುರುಸೊತ್ತಿರಲಿಲ್ಲ, ಕಂಡದ್ದನ್ನು ಹೇಳತೊಡಗಿದ.

"ಬೆಳಗಾಗುವಾಗ ದೋಣಿಗಳು ಬರ್ತವೆ. ದಡದಲ್ಲಿ ಹೆಂಗಸರು ಬುಟ್ಟಿ ಹಿಡ್ಕೊಂಡು ನಿಂತಿರ್ತಾರೆ. ಚೌಕಾಶಿ ಮಾಡುವಾಗ ಅವರ ಸ್ವರಕ್ಕೆ ಕಾಗೆಗಳೂ ಹಾರಿಹೋಗ್ತವೆ. ಸ್ವಲ್ಪ ಆಚೆ ಹೋದ್ರೆ ಒಂದು ದೊಡ್ಡ ಬಂಡೆ. ಬಂಡೆಯ ಮೇಲೆ ಲೈಟ್‌ಹೌಸ್. ಮೆಟ್ಟಿಲು ಹತ್ತಿ ನಿಂತ್ರೆ ಗಾಳಿ ಹೇಗೆ ಬೀಸ್ತದೆ ಅಂದ್ರೆ, ಮಾತಾಡಿದ್ದು ಪಕ್ಕದವರಿಗೇ ಕೇಳುದಿಲ್ಲ."

ಹಜ್ಜುಮ್ಮ ಸಫ್ವಾನನ ಕಡೆ ತಿರುಗಿದರು. ಕೀರ್ತನ್ ಬಾಯಿಯ ತನಕ ಒಯ್ದ ಬಂಗುಡೆಯ ತುಂಡನ್ನು ತಟ್ಟೆಗೇ ಇಳಿಸಿದ.

"ಹೌದಾ ಸಫ್ವಾನ್?"

"ಹೌದು ಹೌದು, ಉಮ್ಮ," ಎಂದ ಸಫ್ವಾನ್ ಅವಸರದಿಂದ. "ಥೇಟ್ ನಮ್ಮೂರು ಕಾಪುವಿನ ಹಾಗೆ."

ಕೀರ್ತನನಿಗೆ ಜೀವ ಬಂತು. ಈ ಪುಣ್ಯಾತ್ಮ ತನ್ನನ್ನು ಉಳಿಸುತ್ತಿದ್ದಾನೆ! ಧೈರ್ಯ ಏರಿತು.

"ಅಲ್ಲಿಯ ಬಸ್ಸು ನೋಡ್ಬೇಕು. ಪದ್ಯ ಜೋರು ಹಾಕ್ತಾರೆ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ದಾರಿಯಲ್ಲಿ ಹೋಗುವವರನ್ನೆಲ್ಲ ಕರೀತಾನೆ. ಬೇಡ ಅಂದ್ರೂ ಹತ್ತಿಸ್ತಾನೆ."

"ನಮ್ಮ ಸರ್ವಿಸ್ ಬಸ್ಸಿನ ಹಾಗೆಯೇ," ಎಂದ ಸಫ್ವಾನ್.

"ಸಂಜೆ ಮರಳಿನಲ್ಲಿ ಕೂತು ಚುರುಮುರಿ ತಿನ್ನುವಾಗ..."

"ಚುರುಮುರಿಯಾ?" ಹಜ್ಜುಮ್ಮನ ಮಗಳು ನಾಫಿಯಾ ಹುಬ್ಬೇರಿಸಿದಳು.

ಅಕ್ಷಿತಾ ಪತ್ತಿರನ್ನು ಸಾರಿಗೆ ಅದ್ದುತ್ತ ನಿರಾಳವಾಗಿ ಹೇಳಿದಳು: "ಅಲ್ಲಿ ಅದಕ್ಕೆ ಬೇರೆ ಹೆಸರು. ಖಾರ ಸ್ವಲ್ಪ ಕಡಿಮೆ. ನನಗೆ ಇವರು ಅಲ್ಲಿ ದಿನಾ ತೆಗೆಸಿಕೊಟ್ಟದ್ದು. ಊರಿಗೆ ಹೋದ್ರೆ ಒಂದು ದಿನವೂ ಇಲ್ಲ."

"ನಾನೂ ತಿಂದಿದ್ದೇನೆ," ಎಂದ ಸಫ್ವಾನ್.

ಆಮೇಲೆ ಮೂವರೂ ಸೇರಿ ದ್ವೀಪ ಕಟ್ಟಿದರು. ಹೆಂಚಿನ ಮನೆಗಳು ಬಂದವು. ದಾಸವಾಳದ ಬೇಲಿ ಬಂತು. ಬೇಲಿಯಾಚೆಯಿಂದ ಎಲ್ಲಿಗೆ ಹೊರಟದ್ದು, ಯಾವಾಗ ಬರುದು ಎಂದು ಕೇಳುವ ಅಜ್ಜಿಯರು ಬಂದರು. ಹಜ್ಜುಮ್ಮ ಊಟ ಬಿಟ್ಟು ಕೇಳುತ್ತಿದ್ದರು. ಕೊನೆಗೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

"ಸಾಕು ಮಗಾ. ಕಣ್ಣಿಗೆ ಕಟ್ಟಿದ ಹಾಗೆ ಹೇಳಿದಿ. ಹೋದವರೆಲ್ಲ ಒಂದೇ ಮಾತು ಹೇಳಿದ್ರಿ, ಹಾಗಾಗಿ ಸಂಶಯವೂ ಇಲ್ಲ."

ಕೀರ್ತನ್ ಮನಸ್ಸಿನಲ್ಲೇ ಪುಕ್ಕಟೆ ಟೂರಿಗೆಂದು ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿದ.

"ಆದ್ರೆ ಒಂದು ವಿಷಯ. ಅಷ್ಟು ದೂರ ಹೋಗಿ, ಎರಡೆರಡು ವಿಮಾನ ಬದಲಾಯಿಸಿ, ಕಾಪುವನ್ನೇ ನೋಡುದಾದ್ರೆ ಕಾಪುವೇ ಆಗ್ತದಲ್ಲ? ಮೊಮ್ಮಕ್ಕಳು ಊರು ಸರಿಯಾಗಿ ನೋಡಿಯೇ ಇಲ್ಲ. ನಾಫಿಯಾ, ಟಿಕೆಟ್ ಆಫೀಸ್ ಇಟ್ಟಿದ್ದಾನಲ್ಲ ನಮ್ಮ ಉಮ್ಮರಬ್ಬನ ಮಗ, ಅವನಿಗೆ ಫೋನ್ ಮಾಡು. ಎಲ್ಲರಿಗೂ ಮಂಗಳೂರು ಟಿಕೆಟ್ ತೆಗೀಲಿ."

"ಹಜ್ಜುಮ್ಮ," ಕೀರ್ತನನ ಸ್ವರ ಕೀರಲಾಯಿತು, "ಮಂಗಳೂರು ಟಿಕೆಟ್ ನಾವೂ ಮಾಡ್ತೇವೆ."

"ಛೆ, ನೀನು ದೂರ ದೂರದ ದೇಶ ನೋಡಿದವ. ನಿನಗ್ಯಾಕೆ ಇಂಥ ಸಣ್ಣ ಕೆಲಸ? ಬಿರಿಯಾನಿ ಹಾಕಿಸ್ಕೊ."

ಹಾಕಿಸಿಕೊಂಡ. ಬೇಸರದಲ್ಲೂ ಬಿರಿಯಾನಿ ಬಹಳ ಚೆನ್ನಾಗಿತ್ತು.

ಸಫ್ವಾನ್ ಅವರನ್ನು ಬೀಳ್ಕೊಡಲು ಕೆಳಗಿನ ತನಕ ಬಂದ. ಲಿಫ್ಟಿನ ಬಾಗಿಲು ಮುಚ್ಚಿದ್ದೇ ಕೀರ್ತನನ ಕೈ ಹಿಡಿದುಕೊಂಡ.

"ನನ್ನ ಮರ್ಯಾದೆ ಉಳಿಸಿದ್ರಿ, ಭಾಯಿ."

"ನಾನಾ?"

"ಹಡಗು ಆ ದ್ವೀಪದಲ್ಲಿ ನಿಂತದ್ದು ನಿಜ. ಆದ್ರೆ ನಾನು ಪೂರ್ತಿ ಎಂಜಿನ್ ರೂಮಿನಲ್ಲಿದ್ದೆ. ಮೇಲೆ ಬರುವಾಗ ದ್ವೀಪ ಹಿಂದೆ ಹೋಗಿಯಾಗಿತ್ತು. ಮನೆಯಲ್ಲಿ ಮಾತ್ರ ಎಲ್ಲ ಸುತ್ತಿದ್ದೇನೆ ಅಂತ ಹೇಳಿಬಿಟ್ಟಿದ್ದೆ. ಎರಡು ಸಲ ನೋಡಿದವರು ಬರ್ತಾರೆ ಅಂದಾಗಿನಿಂದ ಜ್ವರವೇ ಬಂದ ಹಾಗೆ ಆಗಿತ್ತು. ನೀವು ಹೇಳುವುದೆಲ್ಲ ನಮ್ಮೂರಿನ ಹಾಗೇ ಇತ್ತು. ಧೈರ್ಯದಿಂದ ಹೌದು ಅಂದೆ." ಅವನು ಸ್ವಲ್ಪ ಹತ್ತಿರ ಬಂದ. "ನಿಜವಾಗ್ಲೂ ಹಾಗೆಯೇ ಉಂಟಾ?"

ಕೀರ್ತನ್ ತನ್ನ ಹೊಟ್ಟೆಯ ಮೇಲಿನ ಗಿಳಿಯನ್ನು ನೋಡಿದ. "ನನಗೂ ಗೊತ್ತಿಲ್ಲ. ನಾನು ಹೇಳಿದ್ದು ಹೆಜಮಾಡಿ. ಲೈಟ್‌ಹೌಸ್ ಮಾತ್ರ ನಿಮ್ಮ ಕಾಪುವಿನದ್ದು."

ಮೊದಲು ನಕ್ಕಿದ್ದು ಅಕ್ಷಿತಾ. ನಗು ಹತೋಟಿಗೆ ಬರದೆ ಲಿಫ್ಟಿನ ಕಂಬಿ ಹಿಡಿದು ನಿಂತಳು. ಆಮೇಲೆ ಇಬ್ಬರು ಗಂಡಸರೂ ಸೇರಿದರು. ಕೆಳಗೆ ಬಾಗಿಲು ತೆರೆದಾಗ ಕಾಯುತ್ತಿದ್ದ ಫಿಲಿಪಿನೋ ಹೆಂಗಸು ಇವರನ್ನು ನೋಡಿ ಹತ್ತದೆ ಹಿಂದೆ ಸರಿದಳು.

ಮೂವರೂ ಎದುರಿನ ಕೆಫೆಟೇರಿಯಾದಲ್ಲಿ ಹೊರಗೆ ಕುರ್ಚಿ ಹಾಕಿ ಕೂತು ಕಡಕ್ ಚಾ ಕುಡಿದರು. ಊರಿನ ಮಾತು ಬಂತು, ಕಡಲಿನ ಮಾತು ಬಂತು, ಯಾರ ಮನೆಯ ಬಂಗುಡೆ ಪುಳಿಮುಂಚಿ ಮೇಲು ಎಂಬ ಸಣ್ಣ ಜಗಳವೂ ಬಂತು. ಅಕ್ಷಿತಾ ಚಾ ಲೋಟ ಕೆಳಗಿಟ್ಟು ಹೇಳಿದಳು: "ದ್ವೀಪ ಹೋದ್ರೆ ಹೋಯ್ತು. ಅಷ್ಟು ಚಂದ ಹೇಳಿದ್ರಲ್ಲ, ನಮಗೂ ಅಲ್ಲಿಗೇ ಟಿಕೆಟ್ ತೆಗೀರಿ. ಅಮ್ಮನ ಮನೆಗೆ ಹೋಗದೆ ಎಷ್ಟು ಸಮಯ ಆಯ್ತು."

ಇದು ಕೀರ್ತನನ ಕೈಯಲ್ಲಿರುವ ಕೆಲಸ. ಅವನು ಹುರುಪಿನಿಂದ ಮೊಬೈಲ್ ತೆರೆದು, ಶಾಲೆಯ ರಜೆ ಶುರುವಾಗುವ ವಾರ ಹಾಕಿ, ಮಂಗಳೂರು ಎಂದು ಒತ್ತಿದ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಮರುದಿನಕ್ಕೆ ಒತ್ತಿದ. ಅದರ ಮರುದಿನಕ್ಕೂ ಒತ್ತಿದ.

"ಎಂತ ಆಯ್ತು?" ಎಂದಳು ಅಕ್ಷಿತಾ.

"ಉಳಿದ ದಿನ ಎಲ್ಲ ಮೊದಲೇ ಫುಲ್. ಒಂದು ವಿಮಾನದಲ್ಲಿ ಮಾತ್ರ ಇವತ್ತು ಬೆಳಗ್ಗೆ ಆಫೀಸಿನಲ್ಲಿ ನೋಡುವಾಗ ಸೀಟು ಇತ್ತು. ಈಗಷ್ಟೇ ಯಾರೋ ಒಟ್ಟಿಗೆ ಎಲ್ಲವನ್ನೂ ತೆಗೆದಿದ್ದಾರೆ."

ಮೂವರೂ ತಲೆಯೆತ್ತಿ ಹಜ್ಜುಮ್ಮನ ಫ್ಲ್ಯಾಟಿನ ಕಿಟಕಿ ನೋಡಿದರು. ದೀಪ ಝಗಝಗ ಉರಿಯುತ್ತಿತ್ತು, ಒಳಗೆ ಮೊಮ್ಮಕ್ಕಳು ಕುಣಿಯುವ ನೆರಳು ಕಾಣುತ್ತಿತ್ತು.

"ಇನ್ನೊಂದೊಂದು ಚಾ ಹೇಳಿ," ಎಂದ ಕೀರ್ತನ್.